ಹನ್ನೆರಡು ಮಿಲಿಮೀಟರು

ಬುಟ್ಟಿಯ ನೀರು ಸೀಟಿಗೆ ಸೋರುತ್ತದೆಂದು
ಕಂಡಕ್ಟರು ನನ್ನನ್ನು ಹಣಕೋಣ ಕ್ರಾಸಿನಲ್ಲಿ ಇಳಿಸಿದ ವಾರವೇ
ಈ ಬೈಕು ಕೊಂಡೆ. ಹಳೆಯದು.
ಮಾರಿದ ಹುಡುಗ ಹೇಳಿದ್ದ:
‘ಅಕ್ಕಾ, ಕಣ್ಣು ಹೊರಳಿಸಿದರೆ ಸಾಕು, ಹೊರಳುತ್ತದೆ.’
ಸುಳ್ಳಲ್ಲ. ಹೊರಳುತ್ತಿತ್ತು,
ಕಣ್ಣು ಹೊರಳಿಸದಿದ್ದರೂ.

ಬೈತಖೋಲದಲ್ಲಿ ಐಸು ಸುರಿದು ಬಂಗುಡೆ ತುಂಬಿ
ಕಾಳಿ ಸೇತುವೆಯ ನಡುವಿಗೆ ಬಂದರೆ
ಕಡಲಗಾಳಿ ಅಡ್ಡ ಬೀಸಿ
ಹ್ಯಾಂಡಲ್ಲಿಗೆ ಚಳಿಜ್ವರ.
ಬಿಗಿ ಹಿಡಿದಷ್ಟೂ ಹೆಚ್ಚು ನಡುಗುವುದು.
ಕೆಳಗೆ ನದಿ. ಹಿಂದೆ ಲಾರಿಯ ಹಾರನ್ನು.
ಹರಿಕಂತ್ರರ ಮಗಳು ನಾನು, ನೀರಿಗೆ ಹೆದರಿದವಳಲ್ಲ;
ಆದರೆ ನೀರಿಗೆ ಇಳಿಯಲು ದೋಣಿ ಬೇಕು,
ಬೈಕಲ್ಲ.

ಪಾಸ್ಕು ಮೊದಲು ಸ್ಪ್ಯಾನರು ಮುಟ್ಟಲೇ ಇಲ್ಲ.
ನನ್ನ ಕೀಲಿಗೊಂಚಲಿನ ಸೀಸದ ಗುಂಡು, ಅಣ್ಣನ ಬಲೆಯದು,
ಅದನ್ನು ಬಿಚ್ಚಿ ದಾರ ಕಟ್ಟಿ
ಮುಂದಿನ ಚಕ್ರದ ಅಚ್ಚಿನಿಂದ ಇಳಿಬಿಟ್ಟ.
ನೆಲ ತಾಗಿದಲ್ಲಿ ಸೀಮೆಸುಣ್ಣದ ಗೀಟು.
ಆಮೇಲೆ ಹ್ಯಾಂಡಲ್ಲಿನ ಕತ್ತಿನ ಓರೆಗೆ ಕೋಲು ಹಿಡಿದು
ಅದರ ತುದಿ ನೆಲ ಮುಟ್ಟುವಲ್ಲಿ, ಮುಂದೆ, ಇನ್ನೊಂದು.
ಎರಡರ ನಡುವೆ ಅಂಗೈ ಇಟ್ಟ.
ಕಿರುಬೆರಳು ಗೀಟು ದಾಟಿತು.

‘ನೋಡು ಮಾರಾಯ್ತಿ,
ನೀ ತಿರುಗಿಸುವ ಗೆರೆ ಮುಂದೆ ಹೋಗ್ತದೆ,
ಚಕ್ರ ಅದರ ಹಿಂದೆ ಎಳೆದುಕೊಂಡು ಬರ್ತದೆ.
ಹಿಂದೆ ಬಿದ್ದದ್ದಕ್ಕೇ ಅದು ನೆಟ್ಟಗೆ ಬರೋದು.
ಬಂದರಿನ ಕೈಗಾಡಿಯ ಗಾಲಿ ಕಂಡಿಲ್ಲವಾ?’

ಕಂಡಿದ್ದೆ. ದೂಡಿದ ಕೂಡಲೇ ಗಿರಕ್ಕನೆ ತಿರುಗಿ
ಹಿಂದಕ್ಕೆ ಸರಿದು ಸುಮ್ಮನಾಗುವ ಗಾಲಿ.
ದೋಣಿಯ ಚುಕ್ಕಾಣಿಯೂ ಹಿಂದೆಯೇ ಅಲ್ಲವೇ ಎಂದೆ.
‘ಅದು ಬೇರೆ’ ಎಂದ.
ಯಾಕೆ ಬೇರೆ, ಹೇಳಲಿಲ್ಲ.

ಆ ಹುಡುಗ ಫೋರ್ಕಿನ ಕೊಳವೆಗಳನ್ನು
ಕ್ಲಾಂಪಿನಿಂದ ಹನ್ನೆರಡು ಮಿಲಿಮೀಟರು ಮೇಲೆಬ್ಬಿಸಿದ್ದ.
ಬೈಕಿನ ಮೂತಿ ತಗ್ಗಿ, ಗೀಟುಗಳು ಹತ್ತಿರ ಬಂದಿದ್ದವು.
ಪಾಸ್ಕು ಬೋಲ್ಟು ಸಡಿಲಿಸಿ ಇಳಿಸಿದ,
ಎಡಕ್ಕೂ ಬಲಕ್ಕೂ ಸಮ ಬರುವ ತನಕ ಬೀಡಿ ಹಚ್ಚಲಿಲ್ಲ.
ಕತ್ತಿನ ಬೇರಿಂಗಿನ ಬಟ್ಟಲಲ್ಲಿ
ಗುಂಡುಗಳು ಕೂತು ಕೂತು ಕುಳಿ ಬಿದ್ದಿತ್ತು, ಹೊಸದು ಹಾಕಿದ.
ಮೀನಿನ ಪೆಟ್ಟಿಗೆಯನ್ನೂ ಒಂದು ಗೇಣು ಮುಂದಕ್ಕೆ ತಂದ.
‘ಭಾರವೆಲ್ಲ ಹಿಂದೆ ಜೋತರೆ
ಮುಂದಿನ ಚಕ್ರ ನೆಲದ ಮೇಲೆ ಕೂರೋದಿಲ್ಲ,
ಸುಮ್ಮನೆ ಮುಟ್ಟಿ ಮುಟ್ಟಿ ಹೋಗ್ತದೆ.’

ಮತ್ತೆ ಗುಂಡು ಬಿಟ್ಟು ಅಳೆದ.
ಎಷ್ಟು ಹೆಚ್ಚಾಯಿತು?
ಬಂಗುಡೆಯ ಕಣ್ಣಪಾಪೆಯಷ್ಟು.
ಇಷ್ಟಕ್ಕೆ ಆರುನೂರೈವತ್ತಾ ಎಂದು ಜಗಳವಾಡಿದೆ.
ಮೀನು ಮಾರುವವಳು, ಅಭ್ಯಾಸ.

ಮರುದಿನ ಸೇತುವೆಯ ಮೇಲೆ ಅದೇ ಗಾಳಿ.
ಬೈಕು ಒಮ್ಮೆ ಭುಜ ಕೊಡವಿತು,
ತಾನೇ ನೆಟ್ಟಗಾಯಿತು.
ದಾಟಿದ ಮೇಲೆ ನೋಡಿಕೊಂಡೆ,
ಬೆರಳುಗಳು ಹ್ಯಾಂಡಲ್ಲಿನ ಮೇಲೆ ಸುಮ್ಮನೆ ಇದ್ದವು,
ಹಿಡಿದಿರಲಿಲ್ಲ.

ಉಳಗಾದ ಓಣಿಗಳಲ್ಲಿ ಮಾತ್ರ ಈಗ ಹಠ.
ತಿರುಗು ಅಂದರೆ ಯಾಕೆ ಅನ್ನುತ್ತದೆ.
ಸೊಂಟ ಕೊಟ್ಟು ಮಲಗಿಸಬೇಕು.
ಮಲಗಿಸುತ್ತೇನೆ.

ಸೀಸದ ಗುಂಡು ವಾಪಸು ಕೇಳಲು ಹೋದೆ.
ಪಾಸ್ಕು ಇರಲಿಲ್ಲ.
ಅಂಗಡಿಯ ಜಂತಿಗೆ ಕಟ್ಟಿದ ದಾರದಲ್ಲಿ ಅದು
ಗಾಳಿಗೆ ಅತ್ತಿತ್ತ ತೂಗುತ್ತಿತ್ತು, ಇನ್ನೂ ನಿಂತಿರಲಿಲ್ಲ.
ಇರಲಿ ಎಂದು
ಬಂದೆ.