ಎರಡು ಸ್ಟಾಪು ಕತ್ತಲೆ

ಬಂದರಿನ ದಕ್ಕೆಯಲ್ಲಿ ಬೆಳಿಗ್ಗೆ ಹತ್ತೂವರೆ.
ಮಂಜುಗಡ್ಡೆ ಕರಗಿದ ನೀರಿನಲ್ಲಿ ಟ್ರೈಪಾಡಿನ ಒಂದು ಕಾಲು ಜಾರುತ್ತದೆ.
ಅದರಡಿಗೆ ಒಡೆದ ಹಂಚಿನ ಚೂರು ಕೊಟ್ಟು
ಉಸಿರು ಹಿಡಿದು ಮೂರು ಸಲ ಒತ್ತಿದೆ:
ಒಂದು ತೀರಾ ಕಪ್ಪು, ಒಂದು ಇದ್ದ ಹಾಗೆ,
ಒಂದು ಸುಣ್ಣ ಬಳಿದಷ್ಟು ಬಿಳಿ.

ಕಪ್ಪಿನಿಂದ ಆಕಾಶ ತಗೊಳ್ಳುವುದು,
ಬಿಳಿಯಿಂದ, ನೆರಳೊಳಗೆ ಕೂತದ್ದನ್ನೆಲ್ಲ
ರಟ್ಟೆ ಹಿಡಿದು ಹೊರಗೆಳೆಯುವುದು.
ಉಳಿದದ್ದನ್ನು ಕಂಪ್ಯೂಟರು ಹೊಲಿಯುತ್ತದೆ
ನೂಲು ಕಾಣದ ಹಾಗೆ.

ರಾತ್ರಿ ಕಂಕನಾಡಿಯ ಕೋಣೆಯಲ್ಲಿ ತೆರೆದು ನೋಡಿದರೆ,
ಅಬ್ಬ!
ಅಳಿವೆಯ ಮೇಲಿನ ಮೋಡಕ್ಕೆ ನರ ಎದ್ದಿದೆ.
ದೋಣಿಯ ನೀಲಿ, ನೀಲಿಗಿಂತ ನೀಲಿ.
ಬಲೆಯ ಗಂಟು ಒಂದೊಂದೂ ಎಣಿಸಬಹುದು,
ಟಾರ್ಪಾಲಿನಡಿ ಮೂಲೆಯಲ್ಲಿ ಬಿದ್ದ ಬೀಡಿಕಟ್ಟಿನ ಹೆಸರು ಓದಬಹುದು.
ಸ್ಲೈಡರನ್ನು ಬಲಕ್ಕೆ ಎಳೆದೆ, ಇನ್ನೂ ಬಲಕ್ಕೆ,
ಮದುವೆಯೂಟದಲ್ಲಿ ಬಡಿಸುವವನಂತೆ
ಸಾಕು ಎಂದದ್ದು ಕೇಳಿಸದೆ.

ವಾರ ಬಿಟ್ಟು ಪ್ರಿಂಟು ಹಾಕಿಸಿ ಒಯ್ದೆ.
ವಾರಿಜಕ್ಕ ಕೈಯನ್ನು ಸೀರೆಗೆ ಒರೆಸಿ, ಒರೆಸಿದ್ದು ಸಾಲದೆ
ಎರಡು ಬೆರಳ ತುದಿಯಲ್ಲಿ ಹಿಡಿದರು.
ಬಹಳ ಹೊತ್ತು ನೋಡಿದರು.
'ಚಂದ ಉಂಟು. ಕ್ಯಾಲೆಂಡರಿನ ಹಾಗೆ ಉಂಟು.'
ಆಮೇಲೆ,
'ನನ್ನ ನೆರಳೆಲ್ಲಿ?'

ಅರ್ಥವಾಗಲಿಲ್ಲ ನನಗೆ.
'ಈ ಟಾರ್ಪಾಲು ನಾನು ಕಟ್ಟಿಸಿದ್ದು ಮಾರಾಯ,
ಎಂಟುನೂರ ಐವತ್ತು ಕೊಟ್ಟು.
ಆ ಕಂಬಕ್ಕಾಗಿ ಯಮುನಕ್ಕನಲ್ಲಿ ಎರಡು ತಿಂಗಳು ಮಾತು ಬಿಟ್ಟು.
ಬಿಸಿಲು ತಾಗಿದರೆ ಬಂಗುಡೆಯ ಕಣ್ಣು ಬೆಳ್ಳಗಾಗ್ತದೆ,
ಗಿರಾಕಿ ಕಿವಿರು ಎತ್ತಿ ನೋಡಿ ಮುಂದೆ ಹೋಗ್ತಾನೆ.
ನೀನು ಇದರೊಳಗೂ ಬಿಸಿಲು ಬಿಟ್ಟಿದ್ದಿ.
ಮತ್ತೆ, ಇದು ಯಾರ ಕೈ?'

ಬಗ್ಗಿ ನೋಡಿದೆ.
ಮೂರು ಕ್ಲಿಕ್ಕುಗಳ ನಡುವೆ ಅವರು
ಒಂದು ಮೀನೆತ್ತಿ ಬುಟ್ಟಿಗೆ ಹಾಕಿದ್ದರು.
ಮೊಣಕೈಯಿಂದ ಹೊಗೆಯಂಥ ಇನ್ನೊಂದು ಕೈ ಹೊರಟು
ಅರ್ಧ ಬಂಗುಡೆಯನ್ನು ಹಿಡಿದು ನಿಂತಿದೆ.
'ದೇವಿಯ ಹಾಗೆ ಕಾಣ್ತೀರಿ' ಪಕ್ಕದಿಂದ ಯಾರೋ ನಕ್ಕರು.
'ಅಷ್ಟು ಕೈ ಇದ್ದಿದ್ದರೆ
ಆ ಕಂಬವನ್ನು ಅವತ್ತೇ ಕಿತ್ತು ತರ್ತಿದ್ದೆ.'

ಬಸ್ಸಿನಲ್ಲಿ ಬೆನ್ನಿ ಮಾಸ್ಟರು ನೆನಪಾದರು.
ಹಂಪನಕಟ್ಟೆಯ ಮಹಡಿ ಸ್ಟುಡಿಯೋದಲ್ಲಿ
ನೆಗೆಟಿವಿನ ಮೇಲೆ ಚೂಪು ಪೆನ್ಸಿಲಿನಿಂದ
ಮದುಮಗಳ ಸಿಡುಬಿನ ಕಲೆ ಮುಚ್ಚುತ್ತಿದ್ದರು.
ಒಂದನ್ನು ಮಾತ್ರ ಬಿಡುತ್ತಿದ್ದರು.
'ಗಂಡನಿಗೆ ಗುರುತು ಸಿಕ್ಕಬೇಡವೋ?'

ಮತ್ತೆ ನಡುವಿನ ಚಿತ್ರಕ್ಕೇ ಮರಳಿದೆ, ಒಂಟಿಗೆ.
ಆಕಾಶ ಸುಟ್ಟು ಬಿಳಿಯಾಗಿದೆ. ಇರಲಿ,
ದಕ್ಕೆಯಲ್ಲಿ ಹತ್ತೂವರೆಗೆ ಮೇಲೆ ನೋಡುವವರು ಯಾರು?
ನೆರಳನ್ನು ಮುಟ್ಟಲಿಲ್ಲ.
ಆದರೆ ಟಾರ್ಪಾಲು ನೀಲಿ, ಹಾಗಾಗಿ
ವಾರಿಜಕ್ಕನ ಕೆನ್ನೆ ನೀಲಿ, ಹಲ್ಲು ನೀಲಿ,
ತಕ್ಕಡಿಯ ಬಟ್ಟಲೂ ನೀಲಿ.
ಅಲ್ಲಿ ನಿಂತಾಗ ನನಗೆ ಹಾಗೆ ಕಂಡಿರಲಿಲ್ಲ.
ಕ್ಯಾಮೆರಾಕ್ಕೆ ಕಂಡಿತ್ತು.
ಇದ್ದ ಹಾಗೆ ಎಂದರೆ ಯಾರಿಗೆ ಇದ್ದ ಹಾಗೆ?
ಅರ್ಧ ಗಂಟೆ ಸುಮ್ಮನೆ ಕೂತು
ಕೆನ್ನೆಯ ನೀಲಿಯನ್ನಷ್ಟು ಇಳಿಸಿದೆ,
ಬೆನ್ನಿ ಮಾಸ್ಟರ ಪೆನ್ಸಿಲು ಹಿಡಿದವನಂತೆ ಕಳ್ಳಕೈಯಲ್ಲಿ.

ಕಪ್ಪು ಫ್ರೇಮನ್ನು ಅಳಿಸಹೊರಟವನು ನಿಂತೆ.
ಅದರಲ್ಲಿ ಟಾರ್ಪಾಲಿಲ್ಲ, ಮುಖವಿಲ್ಲ, ದಕ್ಕೆಯೇ ಇಲ್ಲ.
ನೆರಳಿನಾಚೆ ಚಾಚಿದ ಮಣಿಕಟ್ಟಿನ ಮೇಲೆ
ಒಂದು ಮೀನಿನ ಹುರುಪೆ,
ಉಗುರಿನಷ್ಟಿಲ್ಲ,
ಉರಿಯುತ್ತಿದೆ.
ಹೊಲಿದ ಚಿತ್ರದಲ್ಲಿ ಅದನ್ನು ಹುಡುಕಿದೆ.
ಎಲ್ಲವೂ ಹೊಳೆಯುವಲ್ಲಿ ಅದು ಸಿಗಲಿಲ್ಲ.

ಹೊಸ ಪ್ರಿಂಟನ್ನು ವಾರಿಜಕ್ಕ ಕವರಿಗೆ ಹಾಕಿ ಮನೆಗೆ ಒಯ್ದರು.
ಹಳೆಯದನ್ನು ಟೇಪು ಹಚ್ಚಿ ಕಂಬಕ್ಕೆ ಅಂಟಿಸಿದ್ದಾರೆ.
'ದೂರದಿಂದ ಗಿರಾಕಿಗೆ ಕಾಣಬೇಕಲ್ಲ.'
ನೆರಳಿಲ್ಲದ ಚಿತ್ರ ಈಗ ನೆರಳಿನಲ್ಲಿದೆ.
ಉಪ್ಪುಗಾಳಿಗೆ, ಐಸಿನ ಹನಿಗೆ
ಮೋಡದ ನರ ಇಳಿದಿದೆ, ದೋಣಿ ಮಾಸಿದೆ.
ಮೂರನೇ ಕೈ ಮಾತ್ರ ಇನ್ನೂ
ಆ ಅರ್ಧ ಮೀನನ್ನು ಬಿಟ್ಟಿಲ್ಲ.