ಕ್ಯಾಬಿನ್ ಬಗ್ಗಿಸುವ ಮುನ್ನ

"ಒಳಗಿರೋದೆಲ್ಲ ಇಳಿಸಿ ಅಕ್ಕಾ" ಅಂದ ದಸ್ತಗೀರ್,
"ಇಲ್ಲಾಂದ್ರೆ ಎಲ್ಲಾ ಹೋಗಿ ಗಾಜಿಗೆ ಬಡಿಯುತ್ತೆ."
ಇಳಿಸಿದೆ. ನೀರಿನ ಕ್ಯಾನು, ಡೀಸೆಲ್ ವಾಸನೆಯ ಕಂಬಳಿ,
ಡ್ರೈವರ್ ಮುನಿವೆಂಕಟನ ಲುಂಗಿ, ಹಿಂಡಿ ಹಿಂಡಿ ಸುರುಳಿಯಾದ ಪೇಸ್ಟು,
ಮುನೇಶ್ವರನ ಪಟ, ಟೋಲಿನ ಚೀಟಿಗಳು,
ಒಣಗಿ ಗೋಲಿಯಾದ ಒಂದು ನಿಂಬೆಹಣ್ಣು.

ಎಂಟನೇ ಮೈಲಿಯ ಶೆಡ್ಡು, ಬೆಳಗಿನ ಏಳು.
ದಸ್ತಗೀರ್ ಪಂಪಿಗೆ ರಾಡು ಹಾಕಿ ಒತ್ತುತ್ತಾನೆ,
ನಲವತ್ತು, ಐವತ್ತು, ನಡುವೆ ಒಮ್ಮೆ ಬೀಡಿಗೆ ನಿಂತು, ಅರವತ್ತು.
ಮೂತಿಯಿಲ್ಲದ ನನ್ನ ಲಾರಿ
ಮೆಲ್ಲಗೆ ಮುಂದಕ್ಕೆ ಬಾಗುತ್ತದೆ,
ಬಿದ್ದ ಓಲೆ ಹುಡುಕುವವಳ ಹಾಗೆ.

ಹಳೇ ಲಾರಿಗಳಿಗೆ ಬಾನೆಟ್ ಎತ್ತಿದರೆ ಸಾಕಿತ್ತು.
ಇದು ಕೂರುವ ಸೀಟಿನ ಕೆಳಗೇ ಎದೆ ಇಟ್ಟುಕೊಂಡಿದೆ.
ಮನೆ ಖಾಲಿ ಮಾಡಿಸಿಯೇ ರೋಗ ತೋರಿಸುತ್ತದೆ.

ಇಪ್ಪತ್ತೆರಡು ವರ್ಷ ಯಶವಂತಪುರದ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ
ಕಾರ್ಬನ್ ಇಟ್ಟು ಬಿಲ್ಟಿ ಬರೆದವಳು ನಾನು.
ಲಾರಿ ಅಂದರೆ ನಂಬರು, ಟನ್ನು, ಅಡ್ವಾನ್ಸು, ಬಾಕಿ.
ಆಫೀಸು ಮುಚ್ಚಿದಾಗ ಕೈಗೆ ಬಂದ ದುಡ್ಡು ಹಿಡಿದು
ಫೈನಾನ್ಸಿನವರು ಎಳೆದು ತಂದ ಗಾಡಿಗಳ ಹರಾಜಿಗೆ,
ಹೊಸಕೋಟೆಯ ಯಾರ್ಡಿಗೆ ಹೋದೆ.
ಕೈ ಎತ್ತಿದೆ. ಇಳಿಸುವ ಧೈರ್ಯ ಬರಲಿಲ್ಲ.

ಟ್ರೈಲರ್ ಬೇರೆ ಲೆಕ್ಕ. ಬೇರೆ ಆರ್‌ಸಿ, ಬೇರೆ ಇನ್ಶೂರೆನ್ಸು,
ನಲವತ್ತಡಿ ಉದ್ದ, ಎಂಜಿನ್ನೇ ಇಲ್ಲ,
ಆದರೂ ಹನ್ನೆರಡು ಟೈರು ತಿನ್ನುತ್ತದೆ.
"ದುಡೀದಿರೋ ಭಾವ ಇದ್ದಂಗೆ" ಅನ್ನುತ್ತಾನೆ ಮುನಿವೆಂಕಟ.
ನನಗೆ ಹಾಗನ್ನಿಸುವುದಿಲ್ಲ. ವೈಟ್‌ಫೀಲ್ಡ್ ಡಿಪೋದಲ್ಲಿ
ಬಾಡಿಗೆ ಕೊಡುವುದು ಅದರ ಬೆನ್ನ ಮೇಲಿನ ಡಬ್ಬಿಗೆ.
ಎಂಜಿನ್ನಿನ ಸದ್ದಿಗೆ ಯಾರೂ ಕಾಸು ಕೊಡುವುದಿಲ್ಲ.

ಜೆ.ಸಿ. ರೋಡಿನ ಅಂಗಡಿಯವನು ತಲೆಯೆತ್ತದೆ ಕೇಳುತ್ತಾನೆ:
"ಕಂಪನಿದಾ, ಡೆಲ್ಲಿದಾ, ಕಳಚಿದ್ದಾ?"
ಒಂದೇ ಹೆಸರಿಗೆ ಮೂರು ರೇಟು, ಮೂರು ಆಯುಸ್ಸು.
ಕ್ಲಚ್ ಪ್ಲೇಟು ಕಂಪನಿದೇ ತಂದೆ, ಬಾಡಿಗೆ ತಪ್ಪಬಾರದಲ್ಲ.
ಕಮಾನ್ ಪಟ್ಟಿ ಕಳಚಿದ್ದು.
ಕ್ಯಾಬಿನ್ ಪಂಪಿನ ಸೀಲು ಡೆಲ್ಲಿದು, ನೂರಾ ಎಂಬತ್ತು.
ಆ ನೂರಾ ಎಂಬತ್ತರ ರಬ್ಬರ್ ಬಳೆ ನಂಬಿ
ಒಬ್ಬ ಮನುಷ್ಯ ಅದರಡಿ ಕತ್ತು ತೂರಿಸುತ್ತಾನೆಂದು
ಬಿಲ್ಟಿಯಲ್ಲಿ ಎಲ್ಲೂ ಬರೆದಿರಲಿಲ್ಲ.

ಕ್ಯಾಬಿನ್ ಪೂರಾ ಬಾಗಿದ್ದೇ,
ಮಲಗುವ ಹಲಗೆಯ ಹಿಂದಿನಿಂದ ಏನೋ ಜಾರಿ
ಗಾಜಿಗೆ ಪಟ್ಟನೆ ಬಡಿಯಿತು.
ನಾವು ಇಳಿಸದೆ ಬಿಟ್ಟದ್ದು. ನಮ್ಮದಲ್ಲದ್ದು.
ಇನ್ನೂರು ಪುಟದ ನೋಟ್‌ಬುಕ್ಕು, ಮೂಲೆಗೆ ಗ್ರೀಸು.
ಹೆಸರಿಲ್ಲ. ಓರೆ ಅಕ್ಷರ.

ಏರ್ ಪೈಪು ೬೫೦. ಪಂಕ್ಚರ್ ನೆಲಮಂಗಲ ೪೦೦.
ಸುಕನ್ಯಾಗೆ ಕನ್ನಡಕ ೯೦೦.
ಟೈರು ರೀಸೋಲು ಎರಡು, ಸಾಲ.
ಕ್ಯಾಬಿನ್ ಸೀಲು, ಕಂಪನಿದೇ, ೨೩೪೦.
'ಕಂಪನಿದೇ' ಅನ್ನುವುದರ ಕೆಳಗೆ ಎರಡು ಗೀಟು.
ಆಮೇಲೆ 'ಕಂತು' ಅಂತ ಮೂರು ಸಲ ಬರೆದು
ಎದುರಿಗೆ ಏನೂ ಇಲ್ಲ.

ಅಷ್ಟರಲ್ಲಿ ಕ್ಯಾಬಿನ್ ನರಳಿತು. ಒಂದು ಬೆರಳಷ್ಟು, ಅಷ್ಟೇ.
ದಸ್ತಗೀರ್ ಕತ್ತು ಹೊರಗೆಳೆದುಕೊಂಡು ನಕ್ಕ:
"ಸ್ಟೇ ರಾಡ್ ಇದೆ ಅಕ್ಕಾ, ಏನಾಗಲ್ಲ."
ಪಂಪಿನ ಬುಡದಲ್ಲಿ ಒಂದು ಹನಿ ಎಣ್ಣೆ
ಬೀಳಲೋ ಬೇಡವೋ ಎಂದು ತೂಗುತ್ತಿತ್ತು.

"ಇವತ್ತು ಬೇಡ, ಇಳಿಸಿಬಿಡು" ಅಂದೆ.
"ಬಾಡಿಗೆ?"
"ಡಬ್ಬಿ ಒಂದು ದಿನ ಕಾಯಲಿ."

ಬಸ್ಸಿನಲ್ಲಿ ಮತ್ತೆ ಲೆಕ್ಕ ಹಾಕಿದೆ. ಹೇಗೆ ಕೂಡಿದರೂ
ಈ ತಿಂಗಳು ಎರಡು ಸಾವಿರ ಚಿಲ್ಲರೆ ಕಡಿಮೆ.
ನೋಟ್‌ಬುಕ್ಕು ಮಡಿಲಲ್ಲಿತ್ತು.
ಖಾಲಿ ಹಾಳೆ ಇನ್ನೂ ಬೇಕಾದಷ್ಟಿವೆ.
ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಪೆನ್ನು ತೆಗೆದೆ,
ಅವನ ಸಾಲಿನ ಕೆಳಗೇ ಬರೆದೆ.