ಸಡಿಲು

ಮೊದಲು ಬಿಚ್ಚಿದ್ದು ಹಿಡಿಕೆಯ ಚಕ್ರಗಳನ್ನು.
ಎಡಗಡೆಯದು ಸುಲಭಕ್ಕೆ ಬಂತು. ಬಲಗಡೆಯದು
ಮೂವತ್ತೊಂದು ವರ್ಷದ ರವಿವಾರಗಳ ಬೆವರು ಕುಡಿದು
ತುಕ್ಕಿನಲ್ಲೇ ಬೆಸೆದುಕೊಂಡಿತ್ತು.
ತೆಂಗಿನೆಣ್ಣೆ ಬಿಟ್ಟೆ, ಸೀಮೆಎಣ್ಣೆ ಬಿಟ್ಟೆ,
ಕೊನೆಗೆ ಅದರ ಅಪ್ಪನನ್ನೂ ಬೈದೆ.
ಕೋಡಿಬಾಗದಲ್ಲಿ ಕಬ್ಬಿಣಕ್ಕೆ ಗಾಳಿಯೇ ಶತ್ರು:
ಕಾಳಿ ಕಡಲು ಸೇರುವಲ್ಲಿಂದ ಬರುತ್ತದೆ,
ಉಪ್ಪು ಸವರಿ ಹೋಗುತ್ತದೆ.
ಮನೆತನದ ಹೆಸರು ತಾಂಡೇಲ. ಚುಕ್ಕಾಣಿ ಬಿಚ್ಚಿ ಇಟ್ಟವರು
ನಮ್ಮಲ್ಲಿ ನಾನೇ ಮೊದಲಿರಬೇಕು.

ಹವ್ಯಾಸ, ಅಷ್ಟೇ. ವಾರವಿಡೀ ಬಂದರಿನ ಟಗ್ಗಿನ ಹೊಟ್ಟೆಯೊಳಗೆ ಡೀಸೆಲ್ಲು,
ರವಿವಾರ ಈ ಪುಟ್ಟ ಮಿಲ್ಲಿಂಗ್ ಮಶೀನು:
ಹಿತ್ತಾಳೆ ಬುಗುರಿ, ಯಾರದೋ ಮಿಕ್ಸಿಯ ಬುಷ್ಷು,
ಒಮ್ಮೆ ಬೆರಳುದ್ದದ ಉಗಿ ಇಂಜಿನ್ನು.
ಓಡಲಿಲ್ಲ, ಆದರೆ ಚೆಂದ ಸೀಟಿ ಹೊಡೆಯಿತು.

ಆಮೇಲೆ ಕೈ ನಡುಗಲು ಶುರುವಾಯಿತು.
ಡಾಕ್ಟರು ಅದಕ್ಕೊಂದು ಹೆಸರು ಹೇಳಿದರು.
ಚಹಾ ಚೆಲ್ಲಿದರೆ ಒರೆಸಬಹುದು,
ಹಿತ್ತಾಳೆ ಕೊರೆದದ್ದು ಕೊರೆದದ್ದೇ.

ಎದುರುಮನೆಯ ತನುಜಾ ಬಾಡಕರ, ಪಾಲಿಟೆಕ್ನಿಕ್ಕಿನ ಹುಡುಗಿ,
ಹೇಳಿದಳು: ಕೈ ಯಾಕೆ ಕಾಕಾ, ಮೋಟಾರು ಹಾಕುವಾ.

ಹಾಕಿದೆವು. ಚಕ್ರವಿದ್ದ ಜಾಗಕ್ಕೆ ಸ್ಟೆಪ್ಪರು,
ಒಂದು ಸುತ್ತಿಗೆ ಇನ್ನೂರು ಹೆಜ್ಜೆ, ಎಣಿಸಿಯೇ ನಡೆಯುತ್ತದೆ,
ಸೊಸೈಟಿಯ ಕ್ಯಾಶಿಯರನ ಹಾಗೆ, ಬೆರಳಿಗೆ ಎಂಜಲು ಹಚ್ಚದೆ.
ಬಾಲ್ ಸ್ಕ್ರೂವಿಗೆ ದುಡ್ಡು ಸಾಲದೆ ಹಳೆಯದನ್ನೇ ಉಳಿಸಿದೆವು.
ಮೋಟಾರು ಕೂರುವ ಬ್ರಾಕೆಟ್ಟು ಕೊರೆದದ್ದೂ ಇದೇ ಮಶೀನಿನಲ್ಲಿ,
ಹಿಂದಿನ ರವಿವಾರ, ಇದೇ ಕೈಯಲ್ಲಿ.
ಯಾರಿಗೆ ಕುರ್ಚಿ ಮಾಡುತ್ತಿದ್ದೇನೆಂದು
ಪಾಪ, ಅದಕ್ಕೆ ಗೊತ್ತಿರಲಿಲ್ಲ.

ಮೊದಲ ಹುಕುಮು: ಒಂದು ವೃತ್ತ.
ನೇರ ಹೋಗುವುದಷ್ಟೇ ಬಲ್ಲ ಇಬ್ಬರು
ಒಬ್ಬರ ಮುಖ ಒಬ್ಬರು ನೋಡದೆ
ದುಂಡಗೆ ಒಂದು ಸುಳ್ಳು ಹೇಳಬೇಕು.
ಹೇಳಿದರು. ತನುಜಾ ಚಪ್ಪಾಳೆ ತಟ್ಟಿದಳು.

ನಾನು ಅಂಚಿನಲ್ಲಿ ಉಗುರು ಆಡಿಸಿದೆ.
ನಾಲ್ಕು ಕಡೆ ತಡೆಯಿತು:
ಸದಾಶಿವಗಡದ ಕಡೆ, ಬೈತಖೋಲದ ಕಡೆ,
ಕಡಲಿನ ಕಡೆ, ಗುಡ್ಡದ ಕಡೆ.
ಎಲ್ಲಿ ದಿಕ್ಕು ಬದಲಿಸಬೇಕೋ ಅಲ್ಲೆಲ್ಲ ಒಂದು ಚಿಕ್ಕ ಮೆಟ್ಟಿಲು.

ಸವೆದ ಸ್ಕ್ರೂ. ಮುಂದೆ ಹೋದದ್ದು ಹಿಂದೆ ಬರುವಾಗ
ಮೊದಲ ಕಾಲು ಸುತ್ತು ಸುಮ್ಮನೆ ತಿರುಗುತ್ತದೆ, ಮೇಜು ಕದಲುವುದಿಲ್ಲ.
ನನಗೆ ಗೊತ್ತಿತ್ತಲ್ಲ ಅದು!
ಗೊತ್ತಿತ್ತೆಂದು ಗೊತ್ತಿರಲಿಲ್ಲ.
ಮಣಿಕಟ್ಟು ತಾನೇ ಗೆರೆ ದಾಟಿ, ತಾನೇ ಹಿಂದೆ ಬಂದು
ಆ ಸಡಿಲನ್ನು ನುಂಗಿಬಿಡುತ್ತಿತ್ತು,
ನಾನು ಬಾಗಿಲಲ್ಲಿ ನಿಂತವರೊಡನೆ
ಇಸವಾಣದ ರೇಟು ಮಾತಾಡುತ್ತಿರುವಾಗಲೂ.

ಡಯಲ್ ಗೇಜು ಹಚ್ಚಿ ಅಳೆದೆವು. ಸೊನ್ನೆ ಪಾಯಿಂಟು ನಾಲ್ಕು ಆರು.
ಪರದೆಯ ಒಂದು ಚೌಕದೊಳಗೆ ಅವಳು ಟೈಪು ಮಾಡಿದಳು.
ಮೂವತ್ತೊಂದು ವರ್ಷದ ಮಣಿಕಟ್ಟು:
ಮೂರು ಅಂಕಿ, ಒಂದು ಚುಕ್ಕೆ.
ಎರಡನೆಯ ವೃತ್ತದಲ್ಲಿ ಉಗುರು ಮೂರು ಕಡೆ ನಿಲ್ಲಲಿಲ್ಲ.
ಕಡಲಿನ ಕಡೆ ಮಾತ್ರ ಇನ್ನೂ ಒಂದು ಕೂದಲೆಳೆ.

ಆಗಲೇ ಕರೆಂಟು ಹೋಯಿತು.
ತಾನೆಲ್ಲಿದ್ದೆ ಎಂಬುದನ್ನು ಮಶೀನು ಮರೆಯಿತು.
ಇನ್ನು ಕರೆಂಟು ಬಂದಮೇಲೆ ಮೂಲೆಗೆ ಹೋಗಿ, ಸ್ವಿಚ್ಚು ಮುಟ್ಟಿ,
ಇದೇ ಸೊನ್ನೆ ಎಂದು ಒಪ್ಪಿಕೊಂಡು
ಮೊದಲಿನಿಂದ ಶುರು ಮಾಡಬೇಕು.
ತನುಜಾ ಊಟಕ್ಕೆ ಹೋದಳು.

ಮೋಟಾರಿನ ಬೆನ್ನಲ್ಲೂ ಒಂದು ತುಂಡು ಶಾಫ್ಟು ಚಾಚಿದೆ.
ಬಲಗಡೆಯ ಚಕ್ರವನ್ನು ತಂದು, ಡಬ್ಬದ ತಗಡು ಸುತ್ತಿ,
ಬಿಗಿಯಾಗಿ ಅದಕ್ಕೆ ಕೂರಿಸಿದೆ. ತಿರುಗಿಸಿದೆ.
ಒಳಗೆ ಯಾರೋ ಹುರಿಗಡಲೆ ಅಗಿದ ಹಾಗೆ.
ಇನ್ನೂ ಜೋರಾಗಿ ತಿರುಗಿಸಿದೆ, ನಡುಗಿದರೆ ನಡುಗಲಿ.
ಶೆಡ್ಡಿನ ಮೂಲೆಯಲ್ಲಿ, ಕರೆಂಟಿಲ್ಲದ ಪೆಟ್ಟಿಗೆಯೊಳಗೆ,
ಹಸಿರು ದೀಪ ಮಿಣುಕಿತು.

ಕೈ ಬಿಟ್ಟೆ. ಆರಿತು.
ಮತ್ತೆ ತಿರುಗಿಸಿದೆ.